ಸಾದಾ ಎಲ್‌ಪಿಯಿಂದ ಸೊಗಸಾದ ದನಿ: ಆರಿಸುವುದು, ತೊಳೆಯುವುದು, ಮುಳ್ಳು ಕೂರಿಸುವುದು

ಹಳೆಯ ರೆಕಾರ್ಡುಗಳ ರಾಶಿಯಲ್ಲಿ ಯಾರೂ ಕೈಹಾಕದೆ ಬಿಟ್ಟ, ಹೆಸರೇ ಕೇಳಿರದ ಒಂದು ಎಲ್‌ಪಿ, ‘ಆಡಿಯೋಫೈಲ್’ (ದನಿಯ ಗುಣ ಹುಡುಕುವವರಿಗೆ) ಎಂದು ಚೀಟಿ ಅಂಟಿಸಿಕೊಂಡ ದಪ್ಪ ಪ್ಲೇಟಿಗಿಂತ ಚೆನ್ನಾಗಿ ಹಾಡುವುದುಂಟು. ಇದು ಅದೃಷ್ಟಕ್ಕೆ ಬಿಟ್ಟ ಸಂಗತಿಯೇನಲ್ಲ. ಪ್ಲೇಟಿನ ದನಿ ಒಳ್ಳೆಯದಾಗುವುದೂ ಕೆಡುವುದೂ ಮೂರು ಹೊತ್ತಿನಲ್ಲಿ: ಕಾರ್ಖಾನೆಯಲ್ಲಿ ಕೊರೆಯುವಾಗ, ಹಿಂದಿನ ಒಡೆಯ ನುಡಿಸುವಾಗ, ಈಗ ನೀವು ನುಡಿಸುವಾಗ. ಮೊದಲೆರಡನ್ನು ಕೊಳ್ಳುವ ಮುಂಚೆ ಕಣ್ಣಲ್ಲೇ ಬಹುಮಟ್ಟಿಗೆ ಓದಿಕೊಳ್ಳಬಹುದು. ಮೂರನೆಯದು ಪೂರ್ತಿ ನಿಮ್ಮ ಕೈಯಲ್ಲಿದೆ. ಹೆಚ್ಚಿನ ಮನೆಗಳಲ್ಲಿ ಎಡವಟ್ಟಾಗುವುದೂ ಅಲ್ಲೇ.

ಮೊದಲು ಸ್ವಲ್ಪ ಲೆಕ್ಕ

12 ಇಂಚಿನ ಎಲ್‌ಪಿಯಲ್ಲಿ ಸಂಗೀತ ಶುರುವಾಗುವುದು ನಡುಬಿಂದುವಿನಿಂದ ಸುಮಾರು 146 ಮಿ.ಮೀ. ದೂರದಲ್ಲಿ, ತೀರಾ ಒಳಗೆ ಬಂದರೆ ಸುಮಾರು 60 ಮಿ.ಮೀ.ವರೆಗೆ. ಪ್ಲೇಟು ನಿಮಿಷಕ್ಕೆ 33⅓ ಸುತ್ತು ಒಂದೇ ಸಮನೆ ತಿರುಗುತ್ತದೆ, ಆದರೆ ಮುಳ್ಳಿನ ಕೆಳಗೆ ಹಾದುಹೋಗುವ ಗ್ರೂವ್‌ನ (ಪ್ಲೇಟಿನ ಮೈಮೇಲೆ ಸುರುಳಿಯಾಗಿ ಕೊರೆದ ಗೆರೆಯ) ಉದ್ದ ಒಂದೇ ಸಮ ಇರುವುದಿಲ್ಲ. ಹೊರ ಅಂಚಿನಲ್ಲಿ ಸೆಕೆಂಡಿಗೆ ಸುಮಾರು 510 ಮಿ.ಮೀ. ಸಿಕ್ಕರೆ, ಒಳ ಅಂಚಿನಲ್ಲಿ ಸಿಗುವುದು 210 ಮಾತ್ರ. ಅಂದರೆ 10,000 ಹರ್ಟ್ಸ್‌ನ ಒಂದು ಅಲೆಗೆ ಹೊರಗೆ 51 ಮೈಕ್ರಾನ್ ಜಾಗ, ಒಳಗೆ ಬರೀ 21 ಮೈಕ್ರಾನ್. ಸಾಧಾರಣ ಗುಂಡು ಮುಳ್ಳಿನ ತುದಿಯ ತ್ರಿಜ್ಯವೇ 15ರಿಂದ 18 ಮೈಕ್ರಾನ್. ಅಷ್ಟು ದಪ್ಪನೆಯ ತುದಿ ಅಷ್ಟು ಕಿರಿದಾದ ಅಲೆಯೊಳಗೆ ಇಳಿಯುವುದಾದರೂ ಹೇಗೆ? ಇಳಿಯುವುದಿಲ್ಲ. ಪ್ರತಿ ಬದಿಯ ಕೊನೆಯ ಹಾಡಿನಲ್ಲಿ ‘ಸ’ಕಾರ ‘ಶ್ಶ್’ ಎಂದು ಉಗುಳಿದಂತೆ ಕೇಳಿಸುವುದರ ಮೂಲ ಇದೇ.

ಇನ್ನೊಂದು ಲೆಕ್ಕ ಬದಿಯ ಅವಧಿಯದು. 20 ನಿಮಿಷದ ಬದಿಗೆ 667 ಸುತ್ತು ಬೇಕು. ಇರುವ 86 ಮಿ.ಮೀ. ಪಟ್ಟಿಯನ್ನು ಅಷ್ಟು ಸುತ್ತಿಗೆ ಹಂಚಿದರೆ ಒಂದೊಂದಕ್ಕೆ 0.13 ಮಿ.ಮೀ. ಬರುತ್ತದೆ. 30 ನಿಮಿಷ ತುರುಕಿದರೆ ಸಾವಿರ ಸುತ್ತು, ಒಂದೊಂದಕ್ಕೆ 0.086 ಮಿ.ಮೀ. ಜೋರು ದನಿ, ಅದರಲ್ಲೂ ಮಂದ್ರದ ದನಿ, ಗ್ರೂವ್ ಅಗಲವಾಗಿ ಓಲಾಡುವಂತೆ ಮಾಡುತ್ತದೆ; ಓಲಾಡಲು ಜಾಗವಿಲ್ಲದಿದ್ದರೆ ಕೊರೆಯುವವನು ದನಿಯನ್ನೇ ತಗ್ಗಿಸಬೇಕು, ಬಾಸ್ ಕತ್ತರಿಸಬೇಕು. ನೀವು ಮನೆಯಲ್ಲಿ ವಾಲ್ಯೂಮ್ ಏರಿಸಿದಾಗ ಸಂಗೀತದ ಜೊತೆಗೆ ಪ್ಲೇಟಿನ ಮೈಯ ಸರಸರ ಸದ್ದೂ ಏರುತ್ತದೆ.

ಈ ಎರಡು ಲೆಕ್ಕ ಗೊತ್ತಿದ್ದರೆ ಆಯ್ಕೆ ಅರ್ಧ ಮುಗಿದಂತೆ.

ರಾಶಿಯಿಂದ ಎತ್ತಿಕೊಳ್ಳಬೇಕಾದವು

ಹೊದಿಕೆಯ ಹಿಂದೆ ಹಾಡುಗಳ ಅವಧಿ ಅಚ್ಚಾಗಿದ್ದರೆ ಕೂಡಿಸಿ ನೋಡಿ. ಬದಿಗೆ 15ರಿಂದ 20 ನಿಮಿಷವಿದ್ದರೆ ಒಳ್ಳೆಯ ಸೂಚನೆ. 22 ದಾಟಿದರೆ ಪರವಾಗಿಲ್ಲ ಎನ್ನಬಹುದು. 26 ದಾಟಿದರೆ, ಅಚ್ಚುಮೆಚ್ಚಿನ ಸಂಗೀತವಾಗಿದ್ದರಷ್ಟೇ ಕೊಳ್ಳಿ. ‘20 ಜನಪ್ರಿಯ ಗೀತೆಗಳು’ ಬಗೆಯ ಸಂಕಲನಗಳು ಸಪ್ಪೆಯಾಗಿ ಕೇಳುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಅವಧಿ ಬರೆದಿಲ್ಲವೇ? ಪ್ಲೇಟನ್ನೇ ನೋಡಿ. ಗ್ರೂವ್ ಮುಗಿದ ಮೇಲೆ ಲೇಬಲ್ಲಿನವರೆಗೆ ನುಣುಪಾದ ಖಾಲಿ ಪಟ್ಟಿ ಅಗಲವಾಗಿದ್ದಷ್ಟೂ ಒಳ್ಳೆಯದು. ಕೊನೆಯ ಹಾಡು ಇಕ್ಕಟ್ಟಿನ ಜಾಗಕ್ಕೆ ಇಳಿದಿಲ್ಲ ಎಂದರ್ಥ.

45 ಸುತ್ತಿನ 12 ಇಂಚಿನ ಸಿಂಗಲ್ಲುಗಳನ್ನು ಜನ ಸುಮ್ಮನೆ ದಾಟಿಹೋಗುತ್ತಾರೆ. ನಮ್ಮ ಲೆಕ್ಕದಲ್ಲಿ ರಾಶಿಯ ಅತಿ ಒಳ್ಳೆಯ ಮಾಲು ಇವೇ. ಒಂದೇ ಹಾಡಿಗೆ ಇಡೀ ಬದಿ, ಮೇಲೆ 35 ಶೇಕಡಾ ಹೆಚ್ಚು ವೇಗ. 45ರಲ್ಲಿ 60 ಮಿ.ಮೀ. ಒಳಗಿನ ಗ್ರೂವ್‌ಗೆ ಸಿಗುವ ವೇಗ, 33⅓ರಲ್ಲಿ 81 ಮಿ.ಮೀ. ದೂರದಲ್ಲಿ ಸಿಗುವ ವೇಗಕ್ಕೆ ಸಮ. ಡ್ರಮ್ಮಿನ ಏಟು, ಬಾಸ್ ಗಿಟಾರಿನ ತಂತಿ ಎಗರುವ ಸದ್ದು ಇವುಗಳಲ್ಲಿ ಬರುವಂತೆ ಮಾಮೂಲಿ ಎಲ್‌ಪಿಯಲ್ಲಿ ಬರುವುದು ಅಪರೂಪ.

ಸ್ಟೀರಿಯೋ ಎಲ್‌ಪಿ ವ್ಯಾಪಾರಕ್ಕೆ ಬಂದದ್ದು 1958ರ ಹೊತ್ತಿಗೆ. ಅಲ್ಲಿಂದ ಒಂದೈದಾರು ವರ್ಷದ ಲಘು ವಾದ್ಯಸಂಗೀತದ ಪ್ಲೇಟುಗಳು, ಎಷ್ಟೇ ಹಳಸಲು ಹೊದಿಕೆಯಿದ್ದರೂ, ಒಮ್ಮೆ ಕೇಳಿ ನೋಡಲು ಯೋಗ್ಯ. ಮೈಕುಗಳು ಕಡಿಮೆ, ವಾದ್ಯಗಳೆಲ್ಲ ಒಂದೇ ಕೋಣೆಯಲ್ಲಿ, ಟೇಪಿನ ಮೇಲೆ ಟೇಪು ಪೇರಿಸುವ ಗೋಜು ಇನ್ನೂ ಕಡಿಮೆ. ಕೆಲವು ತಯಾರಕರು ಹೊಸ ಆಟಿಕೆ ಸಿಕ್ಕ ಉಮೇದಿನಲ್ಲಿ ವಾದ್ಯಗಳನ್ನು ಎಡಕ್ಕೂ ಬಲಕ್ಕೂ ಚೆಂಡಿನಂತೆ ಎಸೆದಾಡಿದ್ದಾರೆ. ಅದು ಕಿರಿಕಿರಿಯಾದರೂ ದನಿಯಲ್ಲಿ ಜೀವ ಇರುತ್ತದೆ. ನಾಲ್ಕು ವಾದ್ಯಗಳ ಶಾಸ್ತ್ರೀಯ ಮೇಳ, ಒಂಟಿ ಪಿಯಾನೋ, ಗಿಟಾರ್ ಇಂಥವನ್ನೂ ಬಿಡಬೇಡಿ. ಪಾರ್ಟಿಯಲ್ಲಿ ಎಂಜಲು ಕೈಯಿಂದ ಮುಟ್ಟಿಸಿಕೊಂಡಿರುವ ಸಾಧ್ಯತೆ ಇವಕ್ಕೆ ಕಡಿಮೆ.

ಮೋನೋ (ಎಡ ಬಲ ಬೇರೆಯಿಲ್ಲದ ಒಂದೇ ದನಿ) ಎಂದು ಬರೆದಿದ್ದರೆ ಮೂಗು ಮುರಿಯಬೇಡಿ. ಅದರ ವಿಷಯ ಮುಂದೆ ಬರುತ್ತದೆ. ತಪ್ಪಿಸಬೇಕಾದದ್ದು ಮೋನೋವನ್ನು ಕೃತಕವಾಗಿ ಎರಡು ಮಾಡಿದ ಪ್ಲೇಟುಗಳನ್ನು. ‘ಎಲೆಕ್ಟ್ರಾನಿಕ್ ಆಗಿ ಸ್ಟೀರಿಯೋಗೆ ಮಾರ್ಪಡಿಸಿದ್ದು’ ಎಂಬ ಅರ್ಥದ ಸಣ್ಣಕ್ಷರವೋ, ಕ್ಯಾಪಿಟಲ್ ಕಂಪನಿಯ ‘ಡ್ಯುಯೊಫೋನಿಕ್’ ಮುದ್ರೆಯೋ ಕಂಡರೆ ವಾಪಸ್ ಇಡಿ. ದನಿ ಗುಹೆಯೊಳಗಿಂದ ಬಂದಂತಿರುತ್ತದೆ; ಯಾವ ಗುಂಡಿ ಒತ್ತಿದರೂ ಸರಿಹೋಗದು.

ಲೇಬಲ್ಲಿನ ಸುತ್ತಲ ಖಾಲಿ ಪಟ್ಟಿಯಲ್ಲಿ ಸೂಜಿಯಿಂದ ಗೀಚಿದಂಥ ಅಕ್ಷರಗಳಿರುತ್ತವೆ. ಕೊರೆದವರ ಸಹಿ ಸಿಗುವುದು ಅಲ್ಲಿಯೇ. ‘ಆರ್‌ಎಲ್’ ಇದ್ದರೆ ಬಾಬ್ ಲಡ್ವಿಗ್, ‘ಆರ್‌ವಿಜಿ’ ಇದ್ದರೆ ರೂಡಿ ವಾನ್ ಗೆಲ್ಡರ್, ‘ಪೋರ್ಕಿ’ ಇದ್ದರೆ ಜಾರ್ಜ್ ಪೆಕ್ಹಮ್. ‘ಸ್ಟರ್ಲಿಂಗ್’, ‘ಮಾಸ್ಟರ್‌ಡಿಸ್ಕ್’ ಎಂಬುವು ಹೆಸರಾಂತ ಮಾಸ್ಟರಿಂಗ್ (ಕೊರೆಯುವ ಮುಂಚೆ ದನಿಯನ್ನು ಕೊನೆಯದಾಗಿ ಹದಗೊಳಿಸುವ) ಸ್ಟುಡಿಯೋಗಳ ಅಚ್ಚು. ಸಾಧಾರಣ ಪ್ಲೇಟಿನಲ್ಲಿ ಇಂಥ ಸಹಿ ಸಿಕ್ಕಿದರೆ ಹಿಂದೆಮುಂದೆ ನೋಡಬೇಡಿ. 1980ರ ದಶಕದ ‘ಡಿಎಂಎಂ’ (ಡೈರೆಕ್ಟ್ ಮೆಟಲ್ ಮಾಸ್ಟರಿಂಗ್) ಪ್ಲೇಟುಗಳನ್ನು ಮೆದು ಲ್ಯಾಕರ್ ಬದಲು ತಾಮ್ರದ ಮೇಲೆ ಕೊರೆಯುತ್ತಿದ್ದರು. ಹಿನ್ನೆಲೆ ನಿಶ್ಶಬ್ದವಾಗಿರುತ್ತದೆ, ತಾರದ (ಟ್ರೆಬಲ್) ದನಿ ಮಾತ್ರ ಕೆಲವರ ಕಿವಿಗೆ ಚುಚ್ಚುತ್ತದೆ.

ತೂಕದ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ. ಗ್ರೂವ್ ಇರುವುದು ಪ್ಲೇಟಿನ ಮೇಲ್ಮೈಯಲ್ಲಿ. 180 ಗ್ರಾಮಿನ ಪ್ಲೇಟಿನ ಗ್ರೂವ್ 120 ಗ್ರಾಮಿನದಕ್ಕಿಂತ ಆಳವೇನಲ್ಲ. ದಪ್ಪ ಪ್ಲೇಟು ಸುಲಭವಾಗಿ ಸೊಟ್ಟಗಾಗುವುದಿಲ್ಲ ಎನ್ನುವ ಮಾತಿದೆ, ಅದೂ ಪೂರ್ತಿ ನಿಜವಲ್ಲ. ಆರ್‌ಸಿಎ ಕಂಪನಿ 1970ರ ಹೊತ್ತಿಗೆ ತಂದ ‘ಡೈನಾಫ್ಲೆಕ್ಸ್’ ಪ್ಲೇಟುಗಳು ಹಪ್ಪಳದಂತೆ ಬಾಗುತ್ತಿದ್ದವು, ಜನ ನಗುತ್ತಿದ್ದರು. ಅವುಗಳಲ್ಲಿ ಚೊಕ್ಕವಾಗಿ ನುಡಿಯುವಂಥವು ಬೇಕಾದಷ್ಟಿವೆ.

ಬೆಳಕಿಗೆ ಹಿಡಿದು ಓದುವುದು

ಒಂದೇ ಒಂದು ಬಲ್ಬಿನ ಕೆಳಗೆ ನಿಲ್ಲಿ. ಟ್ಯೂಬ್‌ಲೈಟ್ ಬೆಳಕು ಹರಡಿಕೊಂಡು ಗೀರುಗಳನ್ನು ಮುಚ್ಚಿಬಿಡುತ್ತದೆ. ಮೊಬೈಲಿನ ಟಾರ್ಚ್ ಆದರೂ ಆದೀತು. ಅಂಚು ಒಂದು ಅಂಗೈಗೆ, ಲೇಬಲ್ ಬೆರಳ ತುದಿಗೆ ಬರುವಂತೆ ಹಿಡಿದು, ಬೆಳಕು ಓರೆಯಾಗಿ ಬೀಳುವಂತೆ ಪ್ಲೇಟನ್ನು ನಿಧಾನಕ್ಕೆ ವಾಲಿಸಿ.

ಕಾಗದದ ಚೀಲಕ್ಕೆ ಉಜ್ಜಿ ಆದ ಮಸುಕು ಗೆರೆಗಳು ಜೇಡರ ಬಲೆಯಂತೆ ಕಾಣುತ್ತವೆ. ನೋಡಲು ಅಸಹ್ಯ, ಕೇಳಲು ಏನೂ ಇಲ್ಲ. ಗ್ರೂವ್‌ಗೆ ಅಡ್ಡಲಾಗಿ ಹೋದ ಗೀರಿನ ಮೇಲೆ ಉಗುರನ್ನು ಹಗುರವಾಗಿ ಆಡಿಸಿ. ಉಗುರಿಗೆ ತಡೆದರೆ ಕಿವಿಗೂ ತಡೆಯುತ್ತದೆ. ಅಡ್ಡಗೀರಾದರೆ ಸುತ್ತಿಗೊಂದು ‘ಟಕ್’, ಅಷ್ಟೇ. ಹೆದರಬೇಕಾದ್ದು ಗ್ರೂವ್‌ನ ಜೊತೆಜೊತೆಗೇ ಓಡುವ ಗೀರಿಗೆ. ಮುಳ್ಳು ಸಿಕ್ಕಿಹಾಕಿಕೊಂಡು ಅದೇ ಸಾಲನ್ನು ಹಾಡಿಸುವುದು, ಇಲ್ಲವೇ ಎಗರಿ ಮುಂದಕ್ಕೆ ಹಾರುವುದು ಅಲ್ಲಿಯೇ.

ಸವೆತ ಗೀರಿಗಿಂತ ಕೆಟ್ಟದ್ದು, ಕಾಣುವುದು ಮಾತ್ರ ಕಷ್ಟ. ಜೋರಾದ ಭಾಗಗಳು ಕಪ್ಪು ಹೊಳಪು ಕಳೆದುಕೊಂಡು ಬೂದಿ ಬಣ್ಣಕ್ಕೆ ತಿರುಗಿದ್ದರೆ ಭಾರದ, ಸವೆದ ಮುಳ್ಳು ಆ ಗೋಡೆಗಳನ್ನು ಕೆತ್ತಿಹಾಕಿದೆ. ಫಳಫಳ ಹೊಳೆಯುವ ಪ್ಲೇಟೂ ಒಳಗೆ ಸವೆದಿರಬಹುದು. ಆದ್ದರಿಂದ ನಡುವಿನ ತೂತಿನ ಸುತ್ತ ಲೇಬಲ್ಲನ್ನು ನೋಡಿ: ಟರ್ನ್‌ಟೇಬಲ್ಲಿನ ನಡುಗಡ್ಡಿಗೆ ತೂತು ಸಿಗದೆ ತಡಕಾಡಿದ ಬೆಳ್ಳಿ ಗೆರೆಗಳು ಎಷ್ಟಿವೆ ಎನ್ನುವುದೇ ಎಷ್ಟು ಸಲ ಹಾಕಿದ್ದಾರೆ ಎಂಬುದರ ಲೆಕ್ಕಪುಸ್ತಕ.

ಇನ್ನು ಪ್ಲೇಟನ್ನು ಕಣ್ಣಿನ ಮಟ್ಟಕ್ಕೆ ತಂದು ಅಂಚು ನೋಡಿ. ಬಟ್ಟಲಿನಂತೆ ಒಂದೇ ಸಮ ಬಾಗಿದ್ದರೆ ಮುಳ್ಳು ಸಹಿಸಿಕೊಳ್ಳುತ್ತದೆ. ಒಂದೇ ಕಡೆ ಚಿವುಟಿದಂತೆ ಎದ್ದಿದ್ದರೆ ಅಲ್ಲಿ ಎಗರುತ್ತದೆ. ತೂತು ನಟ್ಟನಡುವೆ ಇಲ್ಲದ ಪ್ಲೇಟುಗಳೂ ಇವೆ. 0.5 ಮಿ.ಮೀ. ಆಚೀಚೆಯಾದರೂ ಒಳ ಗ್ರೂವ್‌ನಲ್ಲಿ ಶ್ರುತಿ ಸುತ್ತಿಗೊಮ್ಮೆ 0.8 ಶೇಕಡಾ ಮೇಲೆ ಕೆಳಗೆ ಓಲಾಡುತ್ತದೆ. ಹಾಡುಗಾರಿಕೆಯಲ್ಲಿ ಗಮನಕ್ಕೆ ಬಾರದಿದ್ದರೂ ಪಿಯಾನೋದ ನೀಳ ಸ್ವರ ಅಳುವಂತೆ ಕೇಳಿಸುತ್ತದೆ. ತಿರುಗುವಾಗ ಟೋನ್‌ಆರ್ಮ್ (ಮುಳ್ಳನ್ನು ಹೊತ್ತ ತೋಳು) ಎಡಕ್ಕೂ ಬಲಕ್ಕೂ ತೂಗುತ್ತಿದ್ದರೆ ರೋಗ ಇದೇ.

ತೊಳೆಯುವುದು

ಇದೊಂದು ಕೆಲಸ ಮಾಡಿದರೆ, ಎಸೆಯಬೇಕೆಂದುಕೊಂಡ ಪ್ಲೇಟುಗಳಲ್ಲಿ ಎಷ್ಟೋ ಉಳಿಯುತ್ತವೆ. ಹೊಸ ಪ್ಲೇಟನ್ನೂ ತೊಳೆದೇ ಹಾಕುವುದು ಒಳ್ಳೆಯದು. ಕಾಗದದ ಚೀಲದ ಪುಡಿ, ಕಾರ್ಖಾನೆಯ ಧೂಳು ಅದರಲ್ಲೂ ಇರುತ್ತದೆ.

ದ್ರಾವಣ: 950 ಮಿ.ಲೀ. ಡಿಸ್ಟಿಲ್ಡ್ ನೀರು, 50 ಮಿ.ಲೀ. ಶುದ್ಧ ಐಸೊಪ್ರೊಪೈಲ್ ಆಲ್ಕೊಹಾಲ್, ಫೋಟೋ ಫಿಲ್ಮ್ ತೊಳೆಯಲು ಬಳಸುವ ವೆಟಿಂಗ್ ಏಜೆಂಟ್ ಮೂರು ನಾಲ್ಕು ಹನಿ. ವೆಟಿಂಗ್ ಏಜೆಂಟ್ ಇಲ್ಲದಿದ್ದರೆ ನೀರು ಮಣಿಮಣಿಯಾಗಿ ಮೇಲೆಯೇ ಉರುಳಾಡುತ್ತದೆ, ಗ್ರೂವ್‌ಗೆ ಇಳಿಯುವುದಿಲ್ಲ. ನಲ್ಲಿ ನೀರು ಬೇಡ. ಅದರ ಲವಣ ಒಣಗಿ ಗ್ರೂವ್‌ನಲ್ಲೇ ಕೂರುತ್ತದೆ, ಧೂಳು ತೆಗೆಯಲು ಹೋಗಿ ಕಲ್ಲು ತುಂಬಿದಂತಾಗುತ್ತದೆ. 78 ಸುತ್ತಿನ ಅರಗಿನ ಪ್ಲೇಟಿಗೆ ಆಲ್ಕೊಹಾಲ್ ಸೋಕಿಸಲೇಬೇಡಿ, ಅರಗು ಕರಗಿಹೋಗುತ್ತದೆ.

ಮೊದಲು ಒಣ ಕಾರ್ಬನ್ ಫೈಬರ್ ಬ್ರಷ್‌ನಿಂದ ಮೇಲಿನ ಧೂಳು ತೆಗೆಯಿರಿ. ನೇರವಾಗಿ ನೀರು ಹಾಕಿದರೆ ಧೂಳು ಕೆಸರಾಗುತ್ತದೆ. ಪ್ಲೇಟನ್ನು ಒಗೆದ ಟವೆಲ್ಲಿನ ಮೇಲೆ ಮಲಗಿಸಿ, ಬದಿಗೆ ಸುಮಾರು 10 ಮಿ.ಲೀ. ದ್ರಾವಣವನ್ನು ಲೇಬಲ್ಲಿಗೆ ತಾಗದಂತೆ ಹರಡಿ. ಮೆದು, ಒತ್ತೊತ್ತಾದ ಕೂದಲಿನ ಬ್ರಷ್ ಅಥವಾ ಪೇಂಟಿಂಗ್ ಪ್ಯಾಡ್ ತೆಗೆದುಕೊಂಡು ಗ್ರೂವ್ ಓಡುವ ದಿಕ್ಕಿನಲ್ಲೇ ನಾಲ್ಕೈದು ಸುತ್ತು ಉಜ್ಜಿ. ಅಡ್ಡಡ್ಡ ಉಜ್ಜುವ ಅಭ್ಯಾಸ ಬಿಡಿ. ಒಂದು ನಿಮಿಷ ನೆನೆಯಲು ಬಿಟ್ಟು ಮತ್ತೆರಡು ಸುತ್ತು. ಒಣಗುವ ಮುಂಚೆಯೇ ಮೈಕ್ರೋಫೈಬರ್ ಬಟ್ಟೆಯಿಂದ ಹೀರಿಸಿ ತೆಗೆಯಿರಿ: ಕೊಳೆ ನೀರಿನ ಜೊತೆ ಹೊರಬರಬೇಕು, ಒಣಗಲು ಬಿಟ್ಟರೆ ಇದ್ದಲ್ಲೇ ಗಟ್ಟಿಯಾಗುತ್ತದೆ. ಆಮೇಲೆ ಬರೀ ಡಿಸ್ಟಿಲ್ಡ್ ನೀರು ಹಾಕಿ ಬೇರೆಯೇ ಬಟ್ಟೆಯಲ್ಲಿ ಇನ್ನೊಮ್ಮೆ. ಈ ಎರಡನೆಯ ಸಲದ ತೊಳೆತವನ್ನು ಸೋಮಾರಿತನದಿಂದ ಬಿಡುವವರೇ ಹೆಚ್ಚು. ಉಳಿದ ಸಾಬೂನಿನ ಅಂಶ ಮುಳ್ಳಿನ ತುದಿಗೆ ಬಿಳಿ ಅಂಟಾಗಿ ಮೆತ್ತಿಕೊಂಡಾಗ ‘ತೊಳೆದ ಮೇಲೆ ಇನ್ನೂ ಕೆಟ್ಟಿತು’ ಎಂದು ದೂರುವವರೂ ಅವರೇ.

ಪಾತ್ರೆಯ ಸ್ಟ್ಯಾಂಡಿನಂಥದ್ದರಲ್ಲಿ ನೆಟ್ಟಗೆ ನಿಲ್ಲಿಸಿ ಅರ್ಧ ಗಂಟೆ ಒಣಗಿಸಿ. ಬಿಸಿಲಿಗೆ ಇಡಬೇಡಿ, ಹೇರ್ ಡ್ರೈಯರ್ ಹಿಡಿಯಬೇಡಿ. ಒಣಗಿದ ಪ್ಲೇಟನ್ನು ಅದೇ ಹಳೆಯ ಕಾಗದದ ಚೀಲಕ್ಕೆ ತುರುಕಿದರೆ ಶ್ರಮವೆಲ್ಲ ವ್ಯರ್ಥ. ಹೊಸ ಪಾಲಿಎಥಿಲೀನ್ ಒಳಚೀಲಕ್ಕೆ ಹಾಕಿ.

ತೊಳೆದ ಮೇಲೂ ಸದ್ದು ಉಳಿದಿದ್ದರೆ ಗಡಿಯಾರ ನೋಡಿ. ಸರಿಯಾಗಿ 1.8 ಸೆಕೆಂಡಿಗೊಮ್ಮೆ ‘ಟಕ್’ ಎಂದರೆ ಗೀರು. 33⅓ರಲ್ಲಿ ಒಂದು ಸುತ್ತಿಗೆ ಹಿಡಿಯುವ ಹೊತ್ತು ಅದು. ಲಯವಿಲ್ಲದೆ ಚಟಪಟ ಎಂದರೆ ಇನ್ನೂ ಕೊಳೆ ಇದೆ, ಅಥವಾ ಒಣ ಹವೆಯಲ್ಲಿ ಸ್ಥಾಯೀ ವಿದ್ಯುತ್ ಸಿಡಿಯುತ್ತಿದೆ. ಹೊಸ ಪ್ಲೇಟಿನಲ್ಲಿ ಒಂದೇ ಚಾನೆಲ್ಲಿನಿಂದ ಜಿಪ್ ಎಳೆದಂತೆ ‘ಜರ್ರ್’ ಎಂದು ಕೇಳಿಸಿದರೆ, ಅಚ್ಚೊತ್ತುವಾಗ ವಿನೈಲ್ ಗ್ರೂವ್‌ನ ಮೂಲೆಮೂಲೆಗೆ ತುಂಬಿಕೊಂಡಿಲ್ಲ. ಯಾವ ತೊಳೆತಕ್ಕೂ ಅದು ಹೋಗದು. ಹಿಂದಿರುಗಿಸಿ.

ಮುಳ್ಳು ಕೂರಿಸುವುದು

ಟರ್ನ್‌ಟೇಬಲ್ ಸಮತಟ್ಟಾಗಿದೆಯೇ ಎಂದು ಮಟ್ಟಗೋಲಿನಿಂದ ನೋಡಿ, ಮೇಜಿನ ಮೇಲಲ್ಲ, ಪ್ಲೇಟು ಕೂರುವ ತಟ್ಟೆಯ ಮೇಲೆ.

ಕಾರ್ಟ್ರಿಜ್ (ಮುಳ್ಳಿನ ಓಲಾಟವನ್ನು ವಿದ್ಯುತ್ತಾಗಿಸುವ ಪುಟ್ಟ ಪೆಟ್ಟಿಗೆ) ಹಿಂಬದಿಯ ನಾಲ್ಕು ತಂತಿ: ಬಿಳಿ ಎಡ ಚಾನೆಲ್, ನೀಲಿ ಎಡದ ಗ್ರೌಂಡ್, ಕೆಂಪು ಬಲ ಚಾನೆಲ್, ಹಸಿರು ಬಲದ ಗ್ರೌಂಡ್. ಚಿಮಟದಿಂದ ಹಿಡಿದು ತಳ್ಳಿ. ಒಂದು ಚಾನೆಲ್ಲಿನ ಎರಡು ತಂತಿ ಅದಲುಬದಲಾದರೆ ದನಿ ಬರುತ್ತದೆ, ಆದರೆ ಬಾಸ್ ಮಾಯವಾಗುತ್ತದೆ, ಹಾಡುವವರು ನಡುವೆ ನಿಲ್ಲದೆ ಎಲ್ಲೋ ತೇಲುತ್ತಾರೆ.

ಭಾರ ಹೊಂದಿಸಲು ಆ್ಯಂಟಿಸ್ಕೇಟ್ (ಮುಳ್ಳು ಒಳಕ್ಕೆ ಜಾರದಂತೆ ತೋಳನ್ನು ಹೊರಕ್ಕೆ ಎಳೆಯುವ ಹೊಂದಿಕೆ) ಅನ್ನು ಸೊನ್ನೆಗೆ ತನ್ನಿ. ಹಿಂದಿನ ತೂಕದ ಬಿಲ್ಲೆ ತಿರುಗಿಸುತ್ತ, ಟೋನ್‌ಆರ್ಮ್ ಗಾಳಿಯಲ್ಲಿ ತಾನೇ ಅಡ್ಡಡ್ಡಲಾಗಿ ತೇಲುವಂತೆ ಮಾಡಿ. ಬಿಲ್ಲೆಯನ್ನು ಕದಲಿಸದೆ ಅಂಕಿಗಳ ಉಂಗುರವನ್ನಷ್ಟೇ ಸೊನ್ನೆಗೆ ಕೂರಿಸಿ, ಆಮೇಲೆ ಎರಡನ್ನೂ ಒಟ್ಟಿಗೆ ತಿರುಗಿಸಿ ಬೇಕಾದ ಭಾರಕ್ಕೆ ನಿಲ್ಲಿಸಿ. ಆರ್ಟೊಫೋನ್ 2ಎಂ ರೆಡ್‌ಗೆ 1.8 ಗ್ರಾಂ, ಆಡಿಯೋ ಟೆಕ್ನಿಕಾ ವಿಎಂ95ಇಗೆ 2.0 ಗ್ರಾಂ; ನಿಮ್ಮದಕ್ಕೆ ಕಾರ್ಟ್ರಿಜ್ ಜೊತೆ ಬಂದ ಚೀಟಿ ನೋಡಿ. ಉಂಗುರದ ಅಂಕಿಯನ್ನು ಪೂರ್ತಿ ನಂಬುವುದಕ್ಕಿಂತ ಪುಟ್ಟ ಡಿಜಿಟಲ್ ತಕ್ಕಡಿ ವಾಸಿ. ‘ಹಗುರವಾಗಿದ್ದರೆ ಪ್ಲೇಟು ಸವೆಯದು’ ಎಂಬ ನಂಬಿಕೆ ತಲೆತಲಾಂತರದ್ದು, ತಪ್ಪು ಕೂಡ. ಭಾರ ಸಾಲದ ಮುಳ್ಳು ಜೋರು ಭಾಗದಲ್ಲಿ ಗೋಡೆ ಬಿಟ್ಟು ಜಿಗಿದು ಮತ್ತೆ ಬಂದು ಅಪ್ಪಳಿಸುತ್ತದೆ. ವಜ್ರದ ತುದಿ ಪ್ಲಾಸ್ಟಿಕ್ಕಿಗೆ ಬಡಿದರೆ ಯಾರು ಗೆಲ್ಲುತ್ತಾರೆ ಎಂದು ಬೇರೆ ಹೇಳಬೇಕೇ? ತಯಾರಕರು ಕೊಟ್ಟ ಮಿತಿಯ ಮೇಲಿನ ಅರ್ಧದಲ್ಲೇ ಇಡಿ.

ಈಗ ಕೋನ. ಬೇರ್ವಾಲ್ಡ್ ಮಾದರಿಯ ಪ್ರೊಟ್ರ್ಯಾಕ್ಟರ್ (ಕೋನ ಅಳೆಯುವ) ಚೀಟಿಯಲ್ಲಿ ನಡುಬಿಂದುವಿನಿಂದ 66.0 ಮತ್ತು 120.9 ಮಿ.ಮೀ. ದೂರದಲ್ಲಿ ಎರಡು ಚುಕ್ಕಿ, ಸುತ್ತ ಚೌಕಳಿ ಗೆರೆ ಇರುತ್ತವೆ. ನೀವೇ ಪ್ರಿಂಟ್ ಹಾಕಿಕೊಂಡಿದ್ದರೆ ಮೊದಲು ಸ್ಕೇಲಿಟ್ಟು ಆ ಎರಡು ದೂರವನ್ನು ಅಳೆಯಿರಿ. ಪ್ರಿಂಟರ್ ಸದ್ದಿಲ್ಲದೆ ಎರಡು ಮೂರು ಶೇಕಡಾ ಕಿರಿದು ಮಾಡಿರುತ್ತದೆ. ಮುಳ್ಳನ್ನು ಒಳ ಚುಕ್ಕಿಯ ಮೇಲೆ ಇಳಿಸಿ. ಮುಂದಿನಿಂದ ಬಗ್ಗಿ, ವಜ್ರವನ್ನು ಹೊತ್ತ ಪುಟ್ಟ ಕಡ್ಡಿ ಚೌಕಳಿ ಗೆರೆಗೆ ಸಮಾನಾಂತರವಾಗಿದೆಯೇ ನೋಡಿ. ಕಾರ್ಟ್ರಿಜ್‌ನ ಪೆಟ್ಟಿಗೆ ನೋಡಿದರೆ ಸಾಲದು, ಕಡ್ಡಿ ಅದರೊಳಗೆ ತುಸು ಓರೆ ಕೂತಿರಬಹುದು. ಹೊರ ಚುಕ್ಕಿಯಲ್ಲೂ ಹಾಗೇ ನೋಡಿ. ಒಂದರಲ್ಲಿ ಕೂಡಿ ಇನ್ನೊಂದರಲ್ಲಿ ಕೂಡದಿದ್ದರೆ ತಿರುಗಿಸುವುದರಿಂದ ಮಾತ್ರ ಬಗೆಹರಿಯದು. ಕಾರ್ಟ್ರಿಜ್ ಅನ್ನು ಹೆಡ್‌ಶೆಲ್‌ನಲ್ಲಿ (ಅದು ಕೂರುವ ತೋಳಿನ ತುದಿಯಲ್ಲಿ) ಅರ್ಧ ಮಿ.ಮೀ. ಮುಂದಕ್ಕೋ ಹಿಂದಕ್ಕೋ ಸರಿಸಿ ಮತ್ತೆ ಒಳ ಚುಕ್ಕಿಯಿಂದ ಶುರು ಮಾಡಿ. ಎಂಟು ಹತ್ತು ಸಲ ಆಗುತ್ತದೆ, ಕುತ್ತಿಗೆ ನೋಯುತ್ತದೆ. ತಿರುಪು ಬಿಗಿಗೊಳಿಸುವ ಕೊನೆಯ ಕಾಲು ಸುತ್ತಿನಲ್ಲಿ ಎಲ್ಲ ಹಾರಿಹೋಗುವುದೂ ಉಂಟು. ಎರಡು ತಿರುಪನ್ನೂ ಒಂದಾದ ಮೇಲೊಂದು ಚೂರುಚೂರೇ ಬಿಗಿಯಿರಿ. ಕಾರ್ಟ್ರಿಜ್ ಸರಿದಿರುವುದರಿಂದ ಭಾರ ಬದಲಾಗಿರುತ್ತದೆ. ತಕ್ಕಡಿಯನ್ನು ಇನ್ನೊಮ್ಮೆ ಇಡಲೇಬೇಕು.

ನುಡಿಯುವಾಗ ಟೋನ್‌ಆರ್ಮ್ ಪ್ಲೇಟಿಗೆ ಸಮಾನಾಂತರವಾಗಿದ್ದರೆ ಎತ್ತರದ ಗೊಡವೆ ಮುಗಿಯಿತು. ಮಾಮೂಲಿ ಉದ್ದದ ಟೋನ್‌ಆರ್ಮ್‌ನ ಬುಡವನ್ನು 4 ಮಿ.ಮೀ. ಎತ್ತಿದರೆ ಕೋನ ಬದಲಾಗುವುದು ಒಂದು ಡಿಗ್ರಿ. ದಪ್ಪ ಪ್ಲೇಟಿಗೂ ತೆಳು ಪ್ಲೇಟಿಗೂ ಇರುವ ವ್ಯತ್ಯಾಸ ಒಂದು ಮಿ.ಮೀ. ಒಳಗೆ. ಪ್ಲೇಟಿಗೊಮ್ಮೆ ಎತ್ತರ ತಿರುಗಿಸುತ್ತ ಕೂರುವವರು ಸಂಗೀತ ಕೇಳುವುದು ಯಾವಾಗ ಎನ್ನುವುದು ನಮಗೆ ಬಗೆಹರಿಯದ ಪ್ರಶ್ನೆ.

ಆ್ಯಂಟಿಸ್ಕೇಟ್ ಅನ್ನು ಭಾರದ ಅಂಕಿಗೇ ಇಟ್ಟು ಆರಂಭಿಸಿ, ಕಿವಿಯಿಂದ ತಿದ್ದಿ. ತಿರುಗುವ ಪ್ಲೇಟು ಮುಳ್ಳನ್ನು ಒಳಕ್ಕೆ ಎಳೆಯುತ್ತದೆ, ಒಳಗೋಡೆಗೆ ಒತ್ತುತ್ತದೆ. ಒಳಗೋಡೆಯಲ್ಲಿರುವುದು ಎಡ ಚಾನೆಲ್, ಹೊರಗೋಡೆಯಲ್ಲಿ ಬಲ. ಕೊನೆಯ ಹಾಡಿನಲ್ಲಿ ಬಲಗಡೆ ಮಾತ್ರ ಗರಗರ ಎಂದರೆ ಆ್ಯಂಟಿಸ್ಕೇಟ್ ಸಾಲದು; ಎಡಗಡೆ ಮಾತ್ರವಾದರೆ ಹೆಚ್ಚಾಗಿದೆ. ಎರಡೂ ಕಡೆ ಸಮನಾಗಿದ್ದರೆ ಭಾರವನ್ನೋ ಕೋನವನ್ನೋ ಮುಳ್ಳಿನ ಆಯಸ್ಸನ್ನೋ ಅನುಮಾನಿಸಿ.

ಮುಳ್ಳಿನ ಆಕಾರಕ್ಕೆ ಒಂದು ಮಾತು. ಗುಂಡು ತುದಿಯ ಮುಳ್ಳಿಗಿಂತ ಎಲಿಪ್ಟಿಕಲ್ (ಅಂಡಾಕಾರದ್ದು), ಅದಕ್ಕಿಂತ ನೀಳ ಅಂಚಿನ ಮೈಕ್ರೋಲೈನ್ ಅಥವಾ ಶಿಬಾಟಾ ಒಳ ಗ್ರೂವ್‌ನ ಕಿರಿದಾದ ಅಲೆಗಳೊಳಗೆ ಚೆನ್ನಾಗಿ ಇಳಿಯುತ್ತವೆ. ಇನ್ನೊಂದು ಲಾಭವಿದೆ. ಹಿಂದಿನವರ ಗುಂಡು ಮುಳ್ಳು ಗೋಡೆಯ ಒಂದೇ ಮಟ್ಟವನ್ನು ಸವೆಸಿರುತ್ತದೆ. ನೀಳ ಅಂಚಿನ ಮುಳ್ಳು ಅದರ ಮೇಲೆ ಕೆಳಗಿನ ಸವೆಯದ ಭಾಗವನ್ನೂ ಮುಟ್ಟುತ್ತದೆ. ಕರಕಲು ಎನಿಸಿದ್ದ ಪ್ಲೇಟು ತಿಳಿಯಾಗಿ ಕೇಳಿಸುವ ‘ಚಮತ್ಕಾರ’ದ ಹಿಂದೆ ಇರುವುದು ಇಷ್ಟೇ. ಇದ್ದ ಹಣವನ್ನು ಟರ್ನ್‌ಟೇಬಲ್ ಬದಲಿಸಲು ಸುರಿಯುವ ಮುಂಚೆ ಮುಳ್ಳಿಗೆ ಸುರಿಯಿರಿ.

ಮೋನೋ ಗುಂಡಿ

ಮೋನೋ ಪ್ಲೇಟಿನಲ್ಲಿ ಸಂಗೀತ ಇರುವುದು ಗ್ರೂವ್‌ನ ಅಡ್ಡ ಓಲಾಟದಲ್ಲಿ ಮಾತ್ರ. ಸ್ಟೀರಿಯೋ ಕಾರ್ಟ್ರಿಜ್ ಮೇಲೆ ಕೆಳಗಿನ ಕುಲುಕಾಟವನ್ನೂ ಓದುತ್ತದೆ. ಆ ದಿಕ್ಕಿನಲ್ಲಿ ಇರುವುದು ಧೂಳು, ಗೀರು, ಮೋಟಾರಿನ ಗೊಣಗಾಟ ಅಷ್ಟೇ. ಆಂಪ್ಲಿಫೈಯರಿನ ಮೋನೋ ಗುಂಡಿ ಒತ್ತಿದರೆ ಎರಡು ಚಾನೆಲ್ ಕೂಡಿ, ಈ ಮೇಲೆ ಕೆಳಗಿನ ಸದ್ದು ಒಂದನ್ನೊಂದು ಹೊಡೆದುಹಾಕುತ್ತದೆ. ಚಟಪಟ ಅರ್ಧಕ್ಕರ್ಧ ಇಳಿದು ಹಾಡುವವರು ನಡುವೆ ಗಟ್ಟಿಯಾಗಿ ಬಂದು ನಿಲ್ಲುತ್ತಾರೆ. ಹಳೆಯ ಆಂಪ್ಲಿಫೈಯರುಗಳಲ್ಲಿ ಈ ಗುಂಡಿ ಇರುತ್ತಿತ್ತು, ಹೊಸವುಗಳಲ್ಲಿ ವಿರಳ.

ಆಂಪ್ಲಿಫೈಯರ್ ಮತ್ತು ಜಾಗ

ಪ್ಲೇಟು ಕೊರೆಯುವಾಗ ಬಾಸ್ ಇಳಿಸಿ ತಾರ ಏರಿಸಿರುತ್ತಾರೆ. 20 ಹರ್ಟ್ಸ್ ಮತ್ತು 20,000 ಹರ್ಟ್ಸ್ ತುದಿಗಳಲ್ಲಿ ಇದು ಸುಮಾರು 20 ಡೆಸಿಬೆಲ್‌ನಷ್ಟು. ಫೋನೋ ಸ್ಟೇಜ್ (ಟರ್ನ್‌ಟೇಬಲ್ಲಿಗೂ ಆಂಪ್ಲಿಫೈಯರಿಗೂ ನಡುವಿನ ವರ್ಧಕ) ಅದನ್ನು ತಿರುಗಾಮುರುಗಾ ಮಾಡಿ ಸಮಕ್ಕೆ ತರುತ್ತದೆ, ಕಾರ್ಟ್ರಿಜ್ ಕೊಡುವ ನಾಲ್ಕೈದು ಮಿಲಿವೋಲ್ಟನ್ನು ಸುಮಾರು 40 ಡೆಸಿಬೆಲ್ ಏರಿಸುತ್ತದೆ. ನೇರವಾಗಿ ಆಂಪ್ಲಿಫೈಯರಿನ ಆಕ್ಸ್ ಕಿಂಡಿಗೆ ಚುಚ್ಚಿದರೆ ಸೊಳ್ಳೆ ಹಾಡಿದಂತೆ ಕೇಳುವುದು ಇದಕ್ಕೇ. ಒಳಗೇ ಫೋನೋ ಸ್ಟೇಜ್ ಇರುವ ಟರ್ನ್‌ಟೇಬಲ್ಲನ್ನು ಮತ್ತೆ ಫೋನೋ ಕಿಂಡಿಗೆ ಕೊಟ್ಟರೆ ಎಲ್ಲ ಒಡೆದು ಗದ್ದಲವಾಗುತ್ತದೆ.

ಮೂವಿಂಗ್ ಮ್ಯಾಗ್ನೆಟ್ (ಮುಳ್ಳಿನ ಜೊತೆ ಆಯಸ್ಕಾಂತ ಓಲಾಡುವ ಮಾದರಿಯ) ಕಾರ್ಟ್ರಿಜ್‌ಗೆ ಫೋನೋ ಸ್ಟೇಜಿನ 47 ಕಿಲೋಓಮ್ ರೋಧದ ಜೊತೆಗೆ ಕೆಪ್ಯಾಸಿಟೆನ್ಸ್ (ವಿದ್ಯುತ್ ಹಿಡಿದಿಡುವ ಗುಣ) ಕೂಡ ಹೊಂದಬೇಕು. ವಿಎಂ95ಇ ಕೇಳುವುದು 100ರಿಂದ 200 ಪಿಕೋಫ್ಯಾರಡ್, ಟೋನ್‌ಆರ್ಮ್ ತಂತಿ, ಕೇಬಲ್, ಫೋನೋ ಸ್ಟೇಜ್ ಎಲ್ಲ ಸೇರಿ. ಉದ್ದನೆಯ ಕೇಬಲ್ ಒಂದೇ ಅದನ್ನು ತುಂಬಿಸಿಬಿಡುತ್ತದೆ. ಮಿತಿ ಮೀರಿದರೆ ತಾರ ಮೊದಲು ಕರ್ಕಶವಾಗಿ ಉಬ್ಬಿ, ಅದರಾಚೆ ದಿಢೀರನೆ ಕುಸಿಯುತ್ತದೆ. ‘ಈ ಕಾರ್ಟ್ರಿಜ್ ಚುಚ್ಚುತ್ತದೆ’ ಎನ್ನುವ ದೂರುಗಳಲ್ಲಿ ಕೆಲವು ಕೇಬಲ್ಲಿನ ತಪ್ಪು.

ಗುಂಯ್ ಎಂಬ ಸದ್ದಿದ್ದರೆ ಟರ್ನ್‌ಟೇಬಲ್ಲಿನ ಗ್ರೌಂಡ್ ತಂತಿ ಫೋನೋ ಸ್ಟೇಜಿನ ತಿರುಪಿಗೆ ಸೇರಿದೆಯೇ ನೋಡಿ. ಸೇರಿದ್ದರೂ ಹೋಗದಿದ್ದರೆ ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರಿನಿಂದ ಕಾರ್ಟ್ರಿಜ್ ದೂರ ಸರಿಯಬೇಕು.

ಟರ್ನ್‌ಟೇಬಲ್ ಮತ್ತು ಸ್ಪೀಕರ್ ಒಂದೇ ಹಲಗೆಯ ಮೇಲೆ ಬೇಡ. ಸ್ಪೀಕರಿನ ನಡುಕ ಮುಳ್ಳಿಗೆ ಏರಿ, ಅಲ್ಲಿಂದ ಮತ್ತೆ ಸ್ಪೀಕರಿಗೆ ಹೋಗಿ ಬಾಸ್ ಗಂಜಿಯಾಗುತ್ತದೆ. ಪರೀಕ್ಷೆ ಸುಲಭ: ಪ್ಲೇಟು ನಿಂತಿರುವಾಗ ಮುಳ್ಳನ್ನು ಅದರ ಮೇಲಿಟ್ಟು, ನೀವು ಕೇಳುವ ಮಟ್ಟಕ್ಕೆ ವಾಲ್ಯೂಮ್ ಏರಿಸಿ, ಹಲಗೆಯನ್ನು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ಬಾಗಿಲು ಬಡಿದಂತೆ ಸ್ಪೀಕರಿನಲ್ಲಿ ಕೇಳಿಸಿದರೆ ಜಾಗ ಬದಲಿಸಿ. ಗೋಡೆಗೆ ಹೊಡೆದ ಗಟ್ಟಿ ಹಲಗೆ ಎಲ್ಲಕ್ಕಿಂತ ಉತ್ತಮ. ಸೊಟ್ಟ ಪ್ಲೇಟು ಹಾಕಿದಾಗ ವೂಫರ್ (ಬಾಸ್ ನುಡಿಸುವ ದೊಡ್ಡ ಸ್ಪೀಕರ್) ಸದ್ದಿಲ್ಲದೆ ಒಳಹೊರಗೆ ಉಸಿರಾಡುತ್ತಿದ್ದರೆ, ಕಿವಿಗೆ ಕೇಳದಷ್ಟು ಕೆಳಗಿನ ಕಂಪನವನ್ನು ತಡೆಯುವ ಸಬ್‌ಸಾನಿಕ್ ಫಿಲ್ಟರ್ ಹಾಕಿ. ಅದು ತೀರಾ ಅತಿಯಾದರೆ ಟೋನ್‌ಆರ್ಮ್ ಮತ್ತು ಕಾರ್ಟ್ರಿಜ್ ಜೋಡಿ ಹೊಂದಿಲ್ಲ. ಜೋಡಿ ತಾನಾಗಿ ಕಂಪಿಸುವ ವೇಗ ತಿಳಿಯಲು, 159 ಅನ್ನು ಒಟ್ಟು ತೂಕ ಮತ್ತು ಕಂಪ್ಲಯನ್ಸ್ (ಮುಳ್ಳಿನ ಕಡ್ಡಿ ಎಷ್ಟು ಮೆದುವಾಗಿ ಬಾಗುತ್ತದೆ ಎಂದು ತಯಾರಕರು ಕೊಡುವ ಅಂಕಿ) ಗುಣಲಬ್ಧದ ವರ್ಗಮೂಲದಿಂದ ಭಾಗಿಸಿ: ಟೋನ್‌ಆರ್ಮ್‌ನ ಪರಿಣಾಮಕಾರಿ ತೂಕ, ಕಾರ್ಟ್ರಿಜ್, ತಿರುಪು ಎಲ್ಲ ಸೇರಿ 20 ಗ್ರಾಂ, ಕಂಪ್ಲಯನ್ಸ್ 12.5 ಆದರೆ ಉತ್ತರ ಸುಮಾರು 10 ಹರ್ಟ್ಸ್. 8ರಿಂದ 12ರ ನಡುವೆ ಬಂದರೆ ನೆಮ್ಮದಿ. ಅದಕ್ಕಿಂತ ಕೆಳಗಿಳಿದರೆ ಸೊಟ್ಟ ಪ್ಲೇಟಿನ ಏರಿಳಿತವೇ ಟೋನ್‌ಆರ್ಮ್ ಅನ್ನು ಕುಣಿಸುತ್ತದೆ.

ವೇಗ ನೋಡಲು ಸ್ಟ್ರೋಬ್ ಚೀಟಿ (ಮಿಣುಕುವ ಬೆಳಕಿನಲ್ಲಿ ತಿರುಗಿಸಿ ನೋಡುವ, ಸುತ್ತ ಗೆರೆಗಳಿರುವ ಬಿಲ್ಲೆ) ಸಾಕು. 50 ಹರ್ಟ್ಸ್ ವಿದ್ಯುತ್ತಿದ್ದಲ್ಲಿ 33⅓ಕ್ಕೆ 180 ಗೆರೆ, 60 ಹರ್ಟ್ಸ್ ಇದ್ದಲ್ಲಿ 216. ಗೆರೆಗಳು ನಿಂತಂತೆ ಕಂಡರೆ ವೇಗ ಸರಿ. ಎಲ್‌ಇಡಿ ಬಲ್ಬುಗಳಲ್ಲಿ ಎಷ್ಟೋ ಮಿಣುಕುವುದೇ ಇಲ್ಲ, ಅವುಗಳ ಕೆಳಗೆ ಗೆರೆಗಳು ಬರೀ ಮಸುಕು. ಹಳೆಯ ತಂತಿ ಬಲ್ಬು ಹುಡುಕಿ.

ದಿನನಿತ್ಯಕ್ಕೆ

ಪ್ಲೇಟಿನ ಪ್ರತಿ ಬದಿಗೆ ಮುಂಚೆ ಕಾರ್ಬನ್ ಬ್ರಷ್ ಎರಡು ಸುತ್ತು. ಮುಳ್ಳನ್ನು ಹಿಂದಿನಿಂದ ಮುಂದಕ್ಕೆ ಮಾತ್ರ ಒರೆಸಿ. ಅಡ್ಡಕ್ಕೆ ಒರೆಸಿದರೆ ಕಡ್ಡಿ ಬಾಗುತ್ತದೆ, ಮುಂದಿನಿಂದ ಹಿಂದಕ್ಕೆ ಒರೆಸಿದರೆ ಮುರಿಯುತ್ತದೆ. ಮೆಲಮೈನ್ ಸ್ಪಂಜಿನ ಸಣ್ಣ ತುಂಡಿನ ಮೇಲೆ ಲಿವರಿನಿಂದ ಮುಳ್ಳನ್ನು ನೇರ ಕೆಳಗಿಳಿಸಿ ನೇರ ಮೇಲೆತ್ತಿದರೂ ಅಂಟು ಬಿಡುತ್ತದೆ, ಅಲ್ಲಿಟ್ಟು ಎಳೆಯಬಾರದು ಅಷ್ಟೇ. ಆಡಿಯೋ ಟೆಕ್ನಿಕಾ ತನ್ನ ಮುಳ್ಳುಗಳಿಗೆ ಕೊಡುವ ಅಂದಾಜು ಆಯಸ್ಸು ಎಲಿಪ್ಟಿಕಲ್‌ಗೆ 300 ಗಂಟೆ, ಮೈಕ್ರೋಲೈನ್‌ಗೆ 1,000. ದಿನಕ್ಕೆ ಒಂದು ಎಲ್‌ಪಿ ಕೇಳುವ ಮನೆಯಲ್ಲಿ 300 ಗಂಟೆ ಒಂದು ವರ್ಷದ ಮೇಲೆ ಕೆಲವೇ ತಿಂಗಳಲ್ಲಿ ಮುಗಿಯುತ್ತದೆ. ಸವೆದ ಮುಳ್ಳು ತಾನು ಸವೆದೆ ಎಂದು ಹೇಳುವ ಹೊತ್ತಿಗೆ ಹತ್ತಾರು ಪ್ಲೇಟುಗಳನ್ನು ಕೆತ್ತಿ ಮುಗಿಸಿರುತ್ತದೆ, ಆದ್ದರಿಂದ ಹೊಸ ಮುಳ್ಳು ಹಾಕಿದ ತಾರೀಖನ್ನು ಟರ್ನ್‌ಟೇಬಲ್ಲಿನ ಅಡಿಗೆ ಚೀಟಿಯಲ್ಲಿ ಬರೆದು ಅಂಟಿಸಿಡಿ.

ಪ್ಲೇಟುಗಳನ್ನು ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ. ಒಂದರ ಮೇಲೊಂದು ಪೇರಿಸಿದರೂ ವಾಲಿಸಿಟ್ಟರೂ ಬಾಗುತ್ತವೆ. ಮೆದು ಪಿವಿಸಿಯ ಹೊರಚೀಲಗಳು ಕಾಲಕ್ರಮೇಣ ಪ್ಲೇಟಿನ ಮೇಲೆ ಮಂಜು ಕವಿದಂತೆ ಕಲೆ ಬಿಡುತ್ತವೆ, ಆ ಕಲೆ ಸರಸರ ಸದ್ದಾಗಿ ಕೇಳಿಸುತ್ತದೆ, ತೊಳೆದರೆ ಹೋಗುವುದಿಲ್ಲ. ಹಳೆಯ ಪ್ಲೇಟು ಅಂಥ ಚೀಲದಲ್ಲಿ ಬಂದಿದ್ದರೆ ಮನೆಗೆ ತಂದ ದಿನವೇ ಕಳಚಿ ಎಸೆಯಿರಿ.